ದಂತ ಚಿಕಿತ್ಸಾಲಯದಲ್ಲಿ ಶುಶ್ರೂಷೆ ಮತ್ತು ಸುರಕ್ಷತೆ

ಹಲ್ಲಿನ ಚಿಕಿತ್ಸೆಯಲ್ಲಿ ವೈದ್ಯರ ಕೆಲಸ ನಡೆಯುವುದು ಬಹುಮಟ್ಟಿಗೆ ರೋಗಿ ಬಾಯಿ ತೆರೆದುಕೊಂಡಿರುವಷ್ಟು ಹೊತ್ತು. ಅದಕ್ಕೆ ಮೊದಲಿನದು, ಅನಂತರದ್ದು ಹೆಚ್ಚಾಗಿ ದಂತ ಶುಶ್ರೂಷಕರ ಪಾಲಿಗೆ ಬರುತ್ತದೆ. ರೋಗಿಯನ್ನು ಕೂರಿಸಿ ಮಾತಾಡಿಸುವುದು, ಟ್ರೇ ಅಣಿಮಾಡುವುದು, ಬಳಸಿದ ಉಪಕರಣ ತೊಳೆದು ಆಟೊಕ್ಲೇವ್‌ಗೆ ಹಾಕುವುದು, ಸೂಜಿಯನ್ನು ಸರಿಯಾದ ಡಬ್ಬಕ್ಕೆ ಸೇರಿಸುವುದು, ಹೊರಟವರಿಗೆ ಮನೆಯಲ್ಲಿ ಏನು ಮಾಡಬೇಕೆಂದು ಹೇಳುವುದು ಎಲ್ಲ ಅವರದೇ. ಚಿಕಿತ್ಸೆ ನಡೆಯುವಾಗಲೂ ಅವರ ಕೈಗಳು ರೋಗಿಯ ಬಾಯಿಯ ಬಳಿಯೇ ಇರುತ್ತವೆ. ದಂತ ಚಿಕಿತ್ಸಾಲಯಗಳಲ್ಲಿ ಸೋಂಕು ಹರಡಿದ ಪ್ರಕರಣಗಳನ್ನು ಬಿಡಿಸಿ ನೋಡಿದರೆ ಮೂಲದಲ್ಲಿ ಕಾಣುವುದು ಹಲ್ಲು ಕೀಳುವ ಕೌಶಲದ ಕೊರತೆಯಲ್ಲ. ಒಬ್ಬ ರೋಗಿ ಎದ್ದು ಇನ್ನೊಬ್ಬರು ಕೂರುವ ನಡುವಿನ ಕೆಲವು ನಿಮಿಷಗಳಲ್ಲಿ ಆಗಬೇಕಾದ ಕೆಲಸ ಆಗದೆ ಉಳಿದಿರುತ್ತದೆ. ಆ ನಿಮಿಷಗಳ ಹೊಣೆ ಹೊತ್ತವರಿಗೆ ಎಂಥ ತರಬೇತಿ ಸಿಗುತ್ತದೆ, ಎಷ್ಟು ಸಮಯ ಕೊಡಲಾಗುತ್ತದೆ ಎಂಬುದರ ಮೇಲೆ ಚಿಕಿತ್ಸಾಲಯದ ಸುರಕ್ಷತೆ ನಿಂತಿದೆ.

ಈ ವೃತ್ತಿಗೆ ಸುಮಾರು ನೂರನಲವತ್ತು ವರ್ಷಗಳ ಚರಿತ್ರೆಯಿದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಎಡ್ಮಂಡ್ ಕೆಲ್ಸ್ 1885ರಲ್ಲಿ ಮಾಲ್ವಿನಾ ಕ್ವೇರಿಯಾ ಎಂಬ ಯುವತಿಯನ್ನು ಸಹಾಯಕ್ಕೆ ಇಟ್ಟುಕೊಂಡರು. ಹೆಂಗಸರು ಜತೆಗಾರರಿಲ್ಲದೆ ಗಂಡಸು ವೈದ್ಯರ ಬಳಿಗೆ ಹೋಗಲು ಹಿಂಜರಿಯುತ್ತಿದ್ದ ಕಾಲ ಅದು. ಕೋಣೆಯಲ್ಲಿ ಮಹಿಳೆಯೊಬ್ಬರು ಇರುತ್ತಾರೆಂಬ ಭರವಸೆಯೇ ಅನೇಕರನ್ನು ಚಿಕಿತ್ಸೆಗೆ ಕರೆತಂದಿತು. ನ್ಯೂಜಿಲೆಂಡ್ 1921ರಲ್ಲಿ ಶಾಲಾ ಮಕ್ಕಳ ಹಲ್ಲು ನೋಡಿಕೊಳ್ಳಲೆಂದೇ ಶುಶ್ರೂಷಕಿಯರ ತರಬೇತಿ ಆರಂಭಿಸಿತು. ಅವರು ಹುಳುಕು ತುಂಬುವ ಕೆಲಸವನ್ನೂ ಮಾಡುತ್ತಿದ್ದರು. ಬ್ರಿಟನ್ನಿನಲ್ಲಿ ದಂತ ಶುಶ್ರೂಷಕರು ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳುವುದು 2008ರಿಂದ ಕಡ್ಡಾಯವಾಗಿದೆ. ಕರ್ನಾಟಕದ ಊರುಗಳಲ್ಲಿ ಇದೇ ಕೆಲಸ ಮಾಡುವವರನ್ನು ಜನ ಸಿಸ್ಟರ್ ಎಂದು ಕರೆಯುತ್ತಾರೆ, ವೈದ್ಯರು ಅಸಿಸ್ಟೆಂಟ್ ಎನ್ನುತ್ತಾರೆ. ಅವರಲ್ಲಿ ಬಹಳ ಮಂದಿ ಕೆಲಸಕ್ಕೆ ಸೇರಿದ ಮೇಲೆ ನೋಡಿ ನೋಡಿಯೇ ಕಲಿತವರು. ನೋಡಿ ಕಲಿತದ್ದರಲ್ಲಿ ಹೇಗೆ ಎಂಬುದು ಬರುತ್ತದೆ. ಏಕೆ ಎಂಬುದು ಬಿಟ್ಟುಹೋಗುತ್ತದೆ. ಏಕೆಂದು ತಿಳಿಯದ ಕ್ರಮವನ್ನು ಅವಸರವಿದ್ದ ದಿನ ಕೈಬಿಡುವುದು ಸುಲಭ.

ರೋಗಿಯ ಆರೈಕೆ ಆರಂಭವಾಗುವುದು ವಿಚಾರಿಸುವುದರಿಂದ. ಬಿ.ಪಿ., ಶುಗರ್ ಇದೆಯೇ ಎಂದು ಕೇಳಿದರೆ ಹಲವರು ಇಲ್ಲ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಮಾತ್ರೆಯಿಂದ ಹತೋಟಿಯಲ್ಲಿರುವ ಕಾಯಿಲೆಯನ್ನು ಇಲ್ಲವೆಂದೇ ಎಣಿಸಿರುತ್ತಾರೆ. ‘ದಿನಾ ಯಾವ ಮಾತ್ರೆ ತಗೋತೀರಮ್ಮ? ಚೀಟಿ ತಂದಿದೀರಾ?’ ಎಂದು ಕೇಳಿದಾಗ ನಿಜವಾದ ಉತ್ತರ ಸಿಗುತ್ತದೆ. ಆ ಚೀಟಿಯಲ್ಲಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಗಳಿದ್ದರೆ ಹಲ್ಲು ಕೀಳುವ ಮೊದಲೇ ವೈದ್ಯರ ಗಮನಕ್ಕೆ ತರಬೇಕು. ಅವುಗಳನ್ನು ನಿಲ್ಲಿಸಿ ಬನ್ನಿ ಎಂದು ರೋಗಿಗೆ ಹೇಳುವ ಅಧಿಕಾರ ಶುಶ್ರೂಷಕರಿಗಿಲ್ಲ. ಅದನ್ನು ತೀರ್ಮಾನಿಸಬೇಕಾದವರು ದಂತವೈದ್ಯರು, ಆ ಔಷಧ ಬರೆದ ವೈದ್ಯರೊಂದಿಗೆ ಮಾತಾಡಿಕೊಂಡು. ನಿಲ್ಲಿಸಿದ್ದರಿಂದ ಪಾರ್ಶ್ವವಾಯು ಬಡಿಯುವ ಅಪಾಯ ಹಲ್ಲಿನ ಸಂದಿಯಿಂದ ತುಸು ಹೆಚ್ಚು ರಕ್ತ ಒಸರುವ ಅಪಾಯಕ್ಕಿಂತ ದೊಡ್ಡದು. ಹೃದಯದ ಕವಾಟದ ಕಾಯಿಲೆ, ಕೃತಕ ಕವಾಟ, ಗರ್ಭ, ಹಿಂದೆ ಯಾವುದಾದರೂ ಔಷಧಕ್ಕೆ ಮೈ ದದ್ದರಿಸಿದ್ದು, ಉಬ್ಬಸ, ಫಿಟ್ಸ್ ಇವನ್ನೂ ಪ್ರತಿ ಸಲ ಹೊಸದಾಗಿಯೇ ಕೇಳಬೇಕು. ಆರು ತಿಂಗಳ ಹಿಂದಿನ ಕಾರ್ಡಿನಲ್ಲಿ ಬರೆದಿದೆ ಎಂದು ಬಿಡುವಂತಿಲ್ಲ.

ಇನ್ನೊಂದು ಪ್ರಶ್ನೆ ಸಣ್ಣದಾಗಿ ಕಾಣುತ್ತದೆ: ‘ತಿಂಡಿ ಆಯ್ತಾ?’ ಹಲ್ಲು ಕೀಳಿಸುವವರು ಹೊಟ್ಟೆ ಖಾಲಿ ಇಟ್ಟುಕೊಂಡು ಬರಬೇಕೆಂದು ತಿಳಿದವರು ಬಹಳ. ಸೋಮವಾರ, ಶನಿವಾರ ಉಪವಾಸ ಇರುವವರೂ ಇದ್ದಾರೆ. ಮಧುಮೇಹದ ಮಾತ್ರೆ ನುಂಗಿ, ತಿಂಡಿ ಬಿಟ್ಟು ಬಂದವರ ರಕ್ತದ ಸಕ್ಕರೆ ಕುರ್ಚಿಯ ಮೇಲೆಯೇ ಕುಸಿಯಬಹುದು. ಬೆವರು, ನಡುಕ, ತಡವರಿಸುವ ಮಾತು ಕಂಡಾಗ ಅದನ್ನು ಬರೀ ಭಯವೆಂದುಕೊಂಡರೆ ಅಪಾಯ. ಸ್ಥಳಿಕ ಅರಿವಳಿಕೆಯಲ್ಲಿ ನಡೆಯುವ ಚಿಕಿತ್ಸೆಗೆ ಹಸಿದಿರಬೇಕಾಗಿಲ್ಲ ಎಂದು ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳಿಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಭಯವೂ ಆರೈಕೆಯ ಭಾಗವೇ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ, ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ ಎಂಬ ನಂಬಿಕೆಗಳು ಹಳ್ಳಿ ಪೇಟೆ ಎನ್ನದೆ ಎಲ್ಲೆಡೆ ಇವೆ. ವೈದ್ಯರಿಗೆ ಹೇಳಲು ಸಂಕೋಚಪಡುವ ಈ ಮಾತುಗಳನ್ನು ರೋಗಿ ಸಿಸ್ಟರ್ ಹತ್ತಿರ ಆಡುತ್ತಾರೆ. ನಗದೆ ಉತ್ತರಿಸಬೇಕು: ಕಣ್ಣಿನ ನರವೇ ಬೇರೆ, ಹಲ್ಲಿನ ನರವೇ ಬೇರೆ, ಒಸಡಿನ ಸುತ್ತ ಕಟ್ಟಿದ ಗಾರೆ ತೆಗೆದ ಮೇಲೆ ಮೊದಲೇ ಸಡಿಲವಿದ್ದ ಹಲ್ಲು ಸಡಿಲವೆಂದು ಗೊತ್ತಾಗುತ್ತದೆ, ಅಷ್ಟೆ. ಮಕ್ಕಳ ವಿಷಯದಲ್ಲಿ ಮೊದಲು ಹೇಳಿ, ಆಮೇಲೆ ತೋರಿಸಿ, ಅನಂತರ ಮಾಡುವ ಕ್ರಮ 1959ರಿಂದಲೂ ದಂತವೈದ್ಯಕೀಯದಲ್ಲಿ ಬಳಕೆಯಲ್ಲಿದೆ. ಗಾಳಿ ಬಿಡುವ ಸಿರಿಂಜನ್ನು ಮಗುವಿನ ಅಂಗೈಗೆ ಹಿಡಿದು ತೋರಿಸಿದರೆ ಅರ್ಧ ಹೆದರಿಕೆ ಇಳಿಯುತ್ತದೆ. ನೋವೇ ಆಗಲ್ಲ ಎಂಬ ಸುಳ್ಳು ಮಾತ್ರ ಬೇಡ. ಇರುವೆ ಕಚ್ಚಿದ ಹಾಗೆ ಆಗುತ್ತೆ ಎಂದ ಸಿಸ್ಟರನ್ನು ಮಗು ಮುಂದಿನ ಸಲವೂ ನಂಬುತ್ತದೆ. ಬಾಯಿ ತೆರೆದವರಿಗೆ ಮಾತಿಲ್ಲದ ಕಾರಣ, ನೋವಾದರೆ ಎಡಗೈ ಎತ್ತಿ ಎಂದು ಮೊದಲೇ ಹೇಳಿ, ಕೈ ಎತ್ತಿದ ಕೂಡಲೇ ಕೆಲಸ ನಿಲ್ಲುವಂತೆ ನೋಡಿಕೊಳ್ಳಬೇಕು. ಎತ್ತಿದ ಕೈಯನ್ನು ಒಮ್ಮೆ ಕಡೆಗಣಿಸಿದರೂ ಆ ಒಪ್ಪಂದ ಮುರಿದುಬೀಳುತ್ತದೆ.

ಯಾವ ಹಲ್ಲು ಎಂಬುದನ್ನು ಇಬ್ಬರು ಪರೀಕ್ಷಿಸುವುದು ಅಗತ್ಯ. ಭಾರತದಲ್ಲಿ ಹೆಚ್ಚಾಗಿ ಬಳಸುವ ಎರಡಂಕಿಯ ಪದ್ಧತಿಯಲ್ಲಿ ಮೊದಲ ಅಂಕಿ ಬಾಯಿಯ ಕಾಲುಭಾಗವನ್ನೂ ಎರಡನೆಯದು ನಡುಗೆರೆಯಿಂದ ಎಣಿಸಿದ ಹಲ್ಲನ್ನೂ ಹೇಳುತ್ತದೆ. ರೋಗಿಯ ಬಲ ಶುಶ್ರೂಷಕರಿಗೆ ಎದುರಿನಿಂದ ಎಡವಾಗಿ ಕಾಣುವುದರಿಂದ 14 ಮತ್ತು 24 ಅದಲುಬದಲಾಗುವುದು ಕಷ್ಟವೇನಲ್ಲ. ಹಲ್ಲು ಸಾಲುಗೂಡಿಸುವ ಚಿಕಿತ್ಸೆಗಾಗಿ ಹುಳುಕೇ ಇಲ್ಲದ ಹಲ್ಲನ್ನು ಕೀಳುವಾಗ ಈ ಅಪಾಯ ಹೆಚ್ಚು, ಏಕೆಂದರೆ ಯಾವುದನ್ನು ಕೀಳಬೇಕೆಂದು ಹಲ್ಲನ್ನು ನೋಡಿ ತಿಳಿಯಲಾಗದು. ಚೀಟಿ, ಎಕ್ಸ್‌ರೇ, ಬಾಯಿ ಮೂರನ್ನೂ ಹೋಲಿಸಿ, ಇಕ್ಕಳ ಕೊಡುವ ಮೊದಲು ಶುಶ್ರೂಷಕರು ಹಲ್ಲಿನ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ ವೈದ್ಯರಿಂದ ಹೌದೆನ್ನಿಸಿಕೊಳ್ಳಬೇಕು. ಸಂಶಯ ಬಂದರೆ ನಿಲ್ಲಿಸುವ ಹಕ್ಕು ಅವರಿಗಿರಬೇಕು, ಆ ಹಕ್ಕನ್ನು ವೈದ್ಯರೇ ಬಾಯಿಬಿಟ್ಟು ಕೊಟ್ಟಿರಬೇಕು. ಸಂಬಳ ಕೊಡುವವರನ್ನು ತಡೆದು ಮಾತಾಡುವುದು ಹತ್ತೊಂಬತ್ತು ವರ್ಷದ ಹುಡುಗಿಗೆ ತಾನಾಗಿ ಬರುವ ಧೈರ್ಯವಲ್ಲ.

ಕುರ್ಚಿಯ ಪಕ್ಕದ ಕೆಲಸಕ್ಕೂ ಅದರದೇ ವಿನ್ಯಾಸವಿದೆ. ರೋಗಿಯ ಮುಖವನ್ನು ಗಡಿಯಾರವೆಂದು ಭಾವಿಸಿದರೆ, ಬಲಗೈ ವೈದ್ಯರು 7ರಿಂದ 12ರ ಕಡೆಗೂ ಶುಶ್ರೂಷಕರು 2ರಿಂದ 4ರ ಕಡೆಗೂ ಕೂರುತ್ತಾರೆ. ಉಪಕರಣಗಳ ಕೊಡುಕೊಳು ನಡೆಯುವುದು 4ರಿಂದ 7ರ ನಡುವೆ, ಅಂದರೆ ಗಲ್ಲದ ಕೆಳಗೆ, ಎದೆಯ ಮೇಲೆ. ಶುಶ್ರೂಷಕರ ಸ್ಟೂಲು ವೈದ್ಯರದಕ್ಕಿಂತ ಸುಮಾರು 10ರಿಂದ 15 ಸೆಂಟಿಮೀಟರ್ ಎತ್ತರವಿದ್ದರೆ ಬಾಯಿಯ ಒಳಗು ಕಾಣುತ್ತದೆ, ಬೆನ್ನೂ ಉಳಿಯುತ್ತದೆ. ಕಣ್ಣಿನ ಮೇಲಿಂದ ಯಾವ ಉಪಕರಣವನ್ನೂ, ಸಿರಿಂಜನ್ನೂ ದಾಟಿಸಬಾರದು. ರೂಟ್ ಕೆನಾಲ್ ತೊಳೆಯುವ ಸೋಡಿಯಂ ಹೈಪೊಕ್ಲೋರೈಟ್ ಒಂದು ಹನಿ ಕಣ್ಣಿಗೆ ಬಿದ್ದರೂ ಸುಡುತ್ತದೆ; ಹಾಗಾಗಿ ರೋಗಿಗೂ ಕನ್ನಡಕ ಹಾಕಿಸಬೇಕು. ಸಕ್ಷನ್ ಬಳಕೆಯಲ್ಲಿ ಜಾಣ್ಮೆ ಬೇಕು. ಅಗಲ ತುದಿಯನ್ನು ಕೊರೆಯುವ ಹಲ್ಲಿನ ಪಕ್ಕದಲ್ಲೇ ಹಿಡಿದರೆ ನೀರು, ತುಣುಕು, ತುಂತುರು ಎಲ್ಲ ಹೊರಗೆ ಹಾರುವ ಮೊದಲೇ ಎಳೆದುಕೊಳ್ಳುತ್ತದೆ. ಕಿರುನಾಲಿಗೆಯ ಕಡೆ ಸರಿದರೆ ರೋಗಿಗೆ ಓಕರಿಕೆ.

ಮಲಗಿದ ರೋಗಿಯ ಗಂಟಲು ತೆರೆದ ದಾರಿ. ಕೈಜಾರಿದ ಫೈಲು, ಕ್ರೌನು, ಮುರಿದ ಹಲ್ಲಿನ ಚೂರು ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಮಲದ ಜತೆ ಹೊರಬರುತ್ತದೆ. ಶ್ವಾಸನಾಳಕ್ಕೆ ಹೋದರೆ ಅದು ತುರ್ತು ಸಂದರ್ಭ. 1864ರಲ್ಲಿ ಸ್ಯಾನ್‌ಫರ್ಡ್ ಬಾರ್ನಮ್ ಬಳಕೆಗೆ ತಂದ ರಬ್ಬರ್ ಡ್ಯಾಮ್, ಅಂದರೆ ಹಲ್ಲಿನ ಸುತ್ತ ಹೊದಿಸುವ ತೆಳು ರಬ್ಬರ್ ಹಾಳೆ, ಇಂದಿಗೂ ಇದಕ್ಕೆ ಉತ್ತಮ ತಡೆ. ಅದನ್ನು ಹಿಡಿದಿಡುವ ಕ್ಲ್ಯಾಂಪಿಗೆ ಮೊದಲೇ ಫ್ಲಾಸ್ ದಾರ ಕಟ್ಟಿಡುವುದು ಶುಶ್ರೂಷಕರ ಕೆಲಸ. ಗುಟ್ಕಾ, ಅಡಿಕೆ ಜಗಿದು ಬಾಯಿಯ ಒಳಪದರ ಬಿಗಿದುಹೋದವರಲ್ಲಿ ಎರಡು ಬೆರಳೂ ತೂರದಷ್ಟು ಕಡಿಮೆ ಬಾಯಿ ತೆರೆಯುತ್ತದೆ. ಅಂಥವರಿಗೆ ಹೆಚ್ಚು ಸಮಯ, ಚಿಕ್ಕ ಉಪಕರಣ, ಆಗಾಗ ವಿರಾಮ ಬೇಕೆಂಬುದನ್ನು ಮುಂಚಿತವಾಗಿಯೇ ಎಣಿಸಿಕೊಳ್ಳಬೇಕು.

ಇನ್ನು ಉಪಕರಣಗಳ ಶುದ್ಧಿ. ಇಡೀ ವಿಷಯದ ತಿರುಳು ಇಲ್ಲಿದೆ. ಅಮೆರಿಕದ ಅರ್ಲ್ ಸ್ಪಾಲ್ಡಿಂಗ್ 1968ರ ಹೊತ್ತಿಗೆ ರೂಪಿಸಿದ ವಿಂಗಡಣೆ ಇಂದಿಗೂ ಆಧಾರ. ಚರ್ಮ, ಒಸಡು, ಮೂಳೆಯನ್ನು ಭೇದಿಸುವ ಇಕ್ಕಳ, ಎಲಿವೇಟರ್, ಸ್ಕೇಲರ್‌ಗಳನ್ನು ಕ್ರಿಮಿರಹಿತ ಮಾಡಲೇಬೇಕು. ಬಾಯಿಯ ಪೊರೆಯನ್ನು ಮುಟ್ಟುವ ಕನ್ನಡಿ, ಅಚ್ಚಿನ ಟ್ರೇಗಳು ಕಾಯಿಸಿದರೂ ಕೆಡದಂಥವಾದರೆ ಅವಕ್ಕೂ ಅದೇ ಕ್ರಮ. ಬರೀ ಚರ್ಮಕ್ಕೆ ತಾಗುವ ಕುರ್ಚಿಯ ಕೈ, ದೀಪದ ಹಿಡಿಗಳನ್ನು ಸೋಂಕುನಾಶಕದಿಂದ ಒರೆಸಿದರೆ ಅಥವಾ ಪ್ಲಾಸ್ಟಿಕ್ ಹೊದಿಸಿ ರೋಗಿ ಬದಲಾದಾಗ ಅದನ್ನೂ ಬದಲಿಸಿದರೆ ಸಾಕು. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಒಳಗೆ ಎಂಜಲು, ರಕ್ತ ಹಿಮ್ಮುಖವಾಗಿ ಸೇರುತ್ತದೆ. ಹೊರಗಿನಿಂದ ಸ್ಪಿರಿಟ್ಟಿನಲ್ಲಿ ಒರೆಸಿ ಮುಂದಿನವರಿಗೆ ಬಳಸುವ ರೂಢಿ ಸಮರ್ಥಿಸಲಾಗದ್ದು. ಪ್ರತಿ ರೋಗಿಗೂ ಆಟೊಕ್ಲೇವ್ ಆದದ್ದೇ ಬೇಕು.

ಕ್ರಿಮಿರಹಿತ ಮಾಡುವುದು ತೊಳೆಯುವುದರಿಂದ ಮೊದಲಾಗುತ್ತದೆ. ಒಣಗಿದ ರಕ್ತದ ಕೆಳಗೆ ಹಬೆ ತಲುಪುವುದಿಲ್ಲ. ಬಳಸಿದ ಕೂಡಲೇ ನೆನೆಹಾಕಿ, ದಪ್ಪ ರಬ್ಬರ್ ಗ್ಲೌಸ್ ತೊಟ್ಟು ನೀರಿನ ಒಳಗೇ ಉದ್ದ ಹಿಡಿಯ ಬ್ರಷ್ಷಿನಿಂದ ಉಜ್ಜಬೇಕು, ಇಲ್ಲವೇ ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕಬೇಕು. ಆಮೇಲೆ ಒಣಗಿಸಿ, ಪೊಟ್ಟಣ ಕಟ್ಟಿ, ತಾರೀಖು ಬರೆಯಬೇಕು. ಹಬೆಯ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ ಅಥವಾ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಇರಬೇಕು. ಪೊಟ್ಟಣ ಕಟ್ಟಿದ ಸಾಮಾನಿಗೆ ಯಂತ್ರದ ತಯಾರಕರು ಹೇಳಿದಷ್ಟು ಹೆಚ್ಚು ಸಮಯ. ಲೆಕ್ಕ ಶುರುವಾಗುವುದು ಒಳಗಿನ ಶಾಖ ಆ ಮಟ್ಟ ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗಿನಿಂದ ಅಲ್ಲ. ಪೊಟ್ಟಣಗಳನ್ನು ಒತ್ತೊತ್ತಾಗಿ ತುಂಬಿದರೆ ನಡುವಿನವು ಹಾಗೇ ಉಳಿಯುತ್ತವೆ. ಟೇಪಿನ ಬಣ್ಣ ಬದಲಾದದ್ದು ಶಾಖ ತಾಗಿತೆಂಬುದಕ್ಕೆ ಮಾತ್ರ ಸಾಕ್ಷಿ. ಕ್ರಿಮಿ ಸತ್ತಿತೆ ಎಂಬುದನ್ನು ಜಿಯೊಬ್ಯಾಸಿಲಸ್ ಬೀಜಾಣುಗಳಿರುವ ಪರೀಕ್ಷಾ ಪಟ್ಟಿಯಿಂದ ವಾರಕ್ಕೊಮ್ಮೆಯಾದರೂ ನೋಡಿ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡಬೇಕು.

ಹಳೆಯ ಕ್ಲಿನಿಕ್ಕುಗಳಲ್ಲಿ ಕುದಿಯುವ ನೀರಿನ ಪೆಟ್ಟಿಗೆ ಈಗಲೂ ಕಾಣಸಿಗುತ್ತದೆ. ಕುದಿಯುವ ನೀರು ಬೀಜಾಣುಗಳನ್ನು ಕೊಲ್ಲುವುದಿಲ್ಲ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದ ಬೆಂಗಳೂರಿನಲ್ಲಂತೂ ನೀರು ಸುಮಾರು 97 ಡಿಗ್ರಿಗೇ ಕುದಿಯತೊಡಗುತ್ತದೆ. ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿದರೆ ಆಗುವುದು ಸೋಂಕುನಿವಾರಣೆ ಮಾತ್ರ. ಬೀಜಾಣುಗಳು ಸಾಯಲು ಸುಮಾರು ಹತ್ತು ಗಂಟೆ ಬೇಕು.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂಬುದಕ್ಕೆ ನೆರೆಯಲ್ಲೇ ಉತ್ತರವಿದೆ. 2023ರಲ್ಲಿ ತಮಿಳುನಾಡಿನ ವಾಣಿಯಂಬಾಡಿಯ ಒಂದು ದಂತ ಚಿಕಿತ್ಸಾಲಯಕ್ಕೆ ಹೋಗಿಬಂದ ಹತ್ತು ಮಂದಿಗೆ ಮಿದುಳಿನ ಮೆಲಿಯೊಯ್ಡೋಸಿಸ್ ತಗುಲಿ ಎಂಟು ಮಂದಿ ತೀರಿಕೊಂಡರು. ತನಿಖೆ ಬೊಟ್ಟು ಮಾಡಿದ್ದು ಗಾಯ ತೊಳೆಯಲು ಬಳಸಿದ ಸಲೈನ್ ಬಾಟಲಿಯತ್ತ. ಶಸ್ತ್ರಚಿಕಿತ್ಸೆಯ ಎಲಿವೇಟರಿನಿಂದ ಅದರ ಮುಚ್ಚಳ ತೆರೆದು, ಸಡಿಲವಾಗಿ ಮುಚ್ಚಿಟ್ಟು, ಒಬ್ಬರಾದ ಮೇಲೊಬ್ಬರಿಗೆ ಬಳಸಲಾಗಿತ್ತು. ಆ ಬ್ಯಾಕ್ಟೀರಿಯಾ ಮಣ್ಣು ನೀರಿನಲ್ಲಿರುವಂಥದ್ದು. ಉಡುಪಿ, ದಕ್ಷಿಣ ಕನ್ನಡದ ವೈದ್ಯರಿಗೆ ಮಳೆಗಾಲದ ಪರಿಚಿತ ಕಾಯಿಲೆ ಅದು. ಒಮ್ಮೆ ತೆರೆದ ಸಲೈನ್ ಒಬ್ಬ ರೋಗಿಗೆ ಮಾತ್ರ, ಉಳಿದದ್ದು ಚೆಲ್ಲತಕ್ಕದ್ದು ಎಂಬ ನಿಯಮ ದುಂದುಗಾರಿಕೆಯಂತೆ ತೋರಬಹುದು. ಆ ಬಾಟಲಿಯ ಬೆಲೆ ಎಷ್ಟೆಂದು ಪ್ರತಿ ಕ್ಲಿನಿಕ್ಕಿಗೂ ಗೊತ್ತಿದೆ.

ನೀರಿನ ಕೊಳವೆಗಳದ್ದೂ ಇದೇ ಕಥೆ. ಕುರ್ಚಿಯ ಸಣ್ಣ ಕೊಳವೆಗಳ ಒಳಮೈಯಲ್ಲಿ ಲೋಳೆಯಂಥ ಪದರ ಕಟ್ಟಿ ಕ್ರಿಮಿಗಳು ಬೆಳೆಯುತ್ತವೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನ ಮಕ್ಕಳ ಕ್ಲಿನಿಕ್ಕಿನಲ್ಲಿ ಹಾಲುಹಲ್ಲಿನ ನರದ ಚಿಕಿತ್ಸೆ ಪಡೆದ ಹತ್ತಾರು ಮಕ್ಕಳ ದವಡೆಗೆ ಇಂಥ ನೀರಿನಿಂದ ಸೋಂಕು ಹತ್ತಿತು. ದಿನದ ಮೊದಲಲ್ಲಿ ಎರಡು ನಿಮಿಷ, ರೋಗಿಗಳ ನಡುವೆ 20ರಿಂದ 30 ಸೆಕೆಂಡು ನೀರು ಹರಿಯಬಿಡಬೇಕು. ಅದರಿಂದ ಮಾತ್ರ ಪದರ ಹೋಗುವುದಿಲ್ಲವಾದ್ದರಿಂದ ಕೊಳವೆಗೆ ಸೋಂಕುನಾಶಕ ಹಾಯಿಸುವ ವೇಳಾಪಟ್ಟಿಯೂ ಬೇಕು. ಮೂಳೆ ಕೊರೆಯುವಾಗ ಈ ನೀರನ್ನು ಬಳಸದೆ ಕ್ರಿಮಿರಹಿತ ಸಲೈನನ್ನೇ ಬಳಸಬೇಕು.

ಶುಶ್ರೂಷಕರ ಸ್ವಂತ ದೇಹದ ರಕ್ಷಣೆಯೂ ಇದರಷ್ಟೇ ಮುಖ್ಯ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ಸುಮಾರು ಶೇ. 0.3, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಶೇ. 30ರವರೆಗೂ ಇರಬಹುದು. ಆ ಲಸಿಕೆಯನ್ನು 0, 1, 6ನೇ ತಿಂಗಳಲ್ಲಿ ಮೂರು ಸಲ ಹಾಕಿಸಿ, ಒಂದೆರಡು ತಿಂಗಳ ಬಳಿಕ ರಕ್ತಪರೀಕ್ಷೆಯಿಂದ ರಕ್ಷಣೆ ಬಂದಿದೆಯೇ ಎಂದು ತಿಳಿಯಬೇಕು. ಕೆಲಸಕ್ಕೆ ಸೇರಿಸಿಕೊಂಡವರು ಅದರ ಖರ್ಚನ್ನು ಭರಿಸದಿರುವುದು ಅನ್ಯಾಯ. ಸೂಜಿಗೆ ಎರಡು ಕೈಯಿಂದ ಮುಚ್ಚಳ ಹಾಕಬಾರದು. ಟ್ರೇಯಲ್ಲಿಟ್ಟ ಮುಚ್ಚಳವನ್ನು ಒಂದೇ ಕೈಯ ಸಿರಿಂಜಿನಿಂದ ಎತ್ತಿಕೊಳ್ಳುವುದು ಸುರಕ್ಷಿತ. ಚುಚ್ಚಿದರೆ ಹಿಂಡದೆ ಸೋಪು ನೀರಿನಿಂದ ತೊಳೆದು, ಕೂಡಲೇ ತಿಳಿಸಿ, ಎಚ್‌ಐವಿ ತಡೆಯ ಔಷಧ ಬೇಕಾದರೆ ಕೆಲವೇ ಗಂಟೆಗಳಲ್ಲಿ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಚುಚ್ಚು ಎಲ್ಲಕ್ಕಿಂತ ಅಪಾಯಕಾರಿ. ಗ್ಲೌಸ್ ಹಾಕಿದ್ದರೂ ಹಾಕುವ ಮುನ್ನ, ತೆಗೆದ ಮೇಲೆ ಕೈ ತೊಳೆಯಬೇಕು. ಗ್ಲೌಸ್ ಹಾಕಿದ ಕೈಯಲ್ಲಿ ಫೋನ್, ಡ್ರಾಯರ್, ಪೆನ್ನು ಮುಟ್ಟಬಾರದು.

ಎಕ್ಸ್‌ರೇ ವಿಷಯದಲ್ಲಿ ಎಡ್ಮಂಡ್ ಕೆಲ್ಸ್ ಅವರ ಬಾಳೇ ಪಾಠ. 1896ರಲ್ಲೇ ಹಲ್ಲಿನ ಎಕ್ಸ್‌ರೇ ತೆಗೆಯತೊಡಗಿದ ಅವರು ಕೊಳವೆ ಸರಿಯಾಗಿದೆಯೇ ಎಂದು ನೋಡಲು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು. ಬೆರಳುಗಳು, ಆಮೇಲೆ ಕೈ, ಕೊನೆಗೆ ತೋಳು ಹೋಯಿತು. 1928ರಲ್ಲಿ ಅವರು ತೀರಿಕೊಂಡರು. ಇಂದಿನ ಒಂದು ಎಕ್ಸ್‌ರೇಯ ವಿಕಿರಣ ಅತ್ಯಲ್ಪವಾದರೂ ದಿನವೂ ತೆಗೆಯುವವರಿಗೆ ಅದು ಸೇರುತ್ತಾ ಹೋಗುತ್ತದೆ. ರೋಗಿಯ ಬಾಯಿಯಲ್ಲಿ ಫಿಲ್ಮು ಅಥವಾ ಸೆನ್ಸರನ್ನು ಶುಶ್ರೂಷಕರು ಎಂದಿಗೂ ಬೆರಳಿನಿಂದ ಹಿಡಿಯಬಾರದು, ಅದಕ್ಕೆ ಹೋಲ್ಡರ್ ಇದೆ. ಕಿರಣದ ನೇರದಲ್ಲಿರದೆ ಸುಮಾರು ಎರಡು ಮೀಟರ್ ದೂರ, ಇಲ್ಲವೇ ಗೋಡೆಯ ಹಿಂದೆ ನಿಲ್ಲಬೇಕು.

ತುರ್ತು ಸಂದರ್ಭಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ತಲೆಸುತ್ತಿ ಬೀಳುವುದು. ಕುರ್ಚಿಯನ್ನು ಮಲಗಿಸಿ ಕಾಲು ಎತ್ತಿದರೆ ಬಹುಪಾಲು ಮಂದಿ ಒಂದೆರಡು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತಾರೆ. ತುಂಬು ಗರ್ಭಿಣಿಯನ್ನು ಎಡಮಗ್ಗುಲಿಗೆ ಹೊರಳಿಸಬೇಕು. ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟದ ತೊಂದರೆ ಒಟ್ಟಿಗೆ ಕಂಡರೆ ಅದು ತೀವ್ರ ಅಲರ್ಜಿ. ಆಗ ವೈದ್ಯರು ತೊಡೆಯ ಸ್ನಾಯುವಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಕೊಡಬೇಕು, ಅದನ್ನು ಹುಡುಕುತ್ತಾ ನಿಲ್ಲುವಂತಾಗಬಾರದು. ಔಷಧ ಪೆಟ್ಟಿಗೆಯ ಅವಧಿ ಮುಗಿಯುವ ತಾರೀಖು, ಆಮ್ಲಜನಕದ ಸಿಲಿಂಡರಿನ ಮುಳ್ಳು, 108ಕ್ಕೆ ಕರೆ ಮಾಡುವವರು ಯಾರೆಂಬುದು ಮೊದಲೇ ಗೊತ್ತಿರಬೇಕು. ಎದೆಯೊತ್ತುವ ಅಭ್ಯಾಸವನ್ನು ವರ್ಷಕ್ಕೊಮ್ಮೆಯಾದರೂ ಇಡೀ ತಂಡ ಮಾಡಬೇಕು.

ಹಲ್ಲು ಕೀಳಿಸಿಕೊಂಡವರು ಅರಿವಳಿಕೆ, ಗಾಬರಿಗಳ ನಡುವೆ ಕೇಳಿದ್ದನ್ನು ಮರೆಯುತ್ತಾರೆ. ಜತೆಗೆ ಬಂದವರಿಗೂ ಹೇಳಿ ಕನ್ನಡದಲ್ಲಿ ಬರೆದೂ ಕೊಡಬೇಕು. ಹತ್ತಿಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಕಚ್ಚಿಕೊಂಡಿರಬೇಕು. ಉಗುಳಬಾರದು, ಎಂಜಲನ್ನು ನುಂಗಬೇಕು. ಅಂದು ಬಾಯಿ ಮುಕ್ಕಳಿಸಬಾರದು, ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ತಣ್ಣಗಿನ ಮೊಸರನ್ನ, ಆರಿದ ಗಂಜಿ ಆಗಬಹುದು. ಬೀಡಿ, ಸಿಗರೇಟು, ಎಲೆ ಅಡಿಕೆ ಬೇಡ. ಮರಗಟ್ಟಿದ ತುಟಿಯನ್ನು ಮಕ್ಕಳು ಕಚ್ಚಿಕೊಳ್ಳದಂತೆ ತಾಯಿ ನೋಡಿಕೊಳ್ಳಬೇಕು. ಮೂರನೇ ದಿನ ನೋವು ಇಳಿಯುವ ಬದಲು ಏರಿದರೆ ಕರೆ ಮಾಡಿ ಎಂದು ನಂಬರು ಕೊಡಬೇಕು.

ತ್ಯಾಜ್ಯದ ವಿಂಗಡಣೆಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ರಕ್ತದ ಹತ್ತಿ ಹಳದಿ ಚೀಲಕ್ಕೆ. ಗ್ಲೌಸ್, ಸಕ್ಷನ್ ತುದಿ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಲಾಗದ ಬಿಳಿ ಡಬ್ಬಕ್ಕೆ. ಗಾಜಿನ ಕಾರ್ಟ್ರಿಜ್, ಸೀಸೆ ನೀಲಿಗೆ. ಸಂಸ್ಕರಿಸದ ತ್ಯಾಜ್ಯ 48 ಗಂಟೆ ಮೀರಿ ಉಳಿಯುವಂತಿಲ್ಲ. ಬೆಳ್ಳಿ ಬಣ್ಣದ ಅಮಾಲ್ಗಮ್ ತುಂಬಿದ ಹಲ್ಲನ್ನು ಸುಡುವ ಚೀಲಕ್ಕೆ ಹಾಕಬಾರದು. ಅದರಲ್ಲಿ ಅರ್ಧದಷ್ಟು ಪಾದರಸವಿದ್ದು, ಸುಟ್ಟಾಗ ಆವಿಯಾಗಿ ಗಾಳಿಗೆ ಸೇರುತ್ತದೆ. ಪಾದರಸ ಕುರಿತ 2013ರ ಮಿನಮಾಟಾ ಒಪ್ಪಂದಕ್ಕೆ ಭಾರತವೂ ಬದ್ಧ.

ಶುಶ್ರೂಷಕರು ಮಾಡಬಾರದ್ದರ ಗೆರೆಯೂ ಸ್ಪಷ್ಟವಿರಬೇಕು. 2013ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ ಒಬ್ಬ ದಂತ ಶಸ್ತ್ರವೈದ್ಯರ ಸುಮಾರು ಏಳು ಸಾವಿರ ರೋಗಿಗಳಿಗೆ ರಕ್ತ ಪರೀಕ್ಷಿಸಿಕೊಳ್ಳಲು ಸೂಚಿಸಬೇಕಾಯಿತು. ದಂತ ಚಿಕಿತ್ಸಾಲಯದಲ್ಲಿ ರೋಗಿಯಿಂದ ರೋಗಿಗೆ ಹೆಪಟೈಟಿಸ್ ಸಿ ದಾಟಿದ್ದು ಆ ದೇಶದಲ್ಲಿ ಮೊದಲ ಬಾರಿ ಖಚಿತವಾದದ್ದು ಅಲ್ಲಿ. ಪರವಾನಗಿಯಿಲ್ಲದ ಸಹಾಯಕರು ರಕ್ತನಾಳಕ್ಕೆ ಮಂಪರಿನ ಮದ್ದು ಕೊಡುತ್ತಿದ್ದರೆಂಬ ಆರೋಪವೂ ಹೊರಬಂತು. ಭಾರತದ 1948ರ ದಂತವೈದ್ಯರ ಕಾಯ್ದೆ ವೈದ್ಯರು, ಹೈಜೀನಿಸ್ಟರು, ಮೆಕ್ಯಾನಿಕ್‌ಗಳಿಗೆ ನೋಂದಣಿ ಪುಸ್ತಕ ತೆರೆದಿತ್ತು. ಕುರ್ಚಿಯ ಪಕ್ಕ ನಿಲ್ಲುವವರಿಗೆ ಅದರಲ್ಲಿ ಜಾಗವಿರಲಿಲ್ಲ. 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ದಂತ ಸಹಾಯಕ ಸಿಬ್ಬಂದಿಯನ್ನೂ ಒಳಗೊಂಡಿದೆ. ಆ ಅವಕಾಶ ಕೆಲಸಕ್ಕೆ ಬರಬೇಕಾದರೆ ತರಬೇತಿಗೆ ಗೊತ್ತಾದ ಪಠ್ಯ, ಕನ್ನಡದಲ್ಲಿ ಓದಲು ಪುಸ್ತಕ, ಬರೆಯಲು ಪರೀಕ್ಷೆ, ಲಸಿಕೆ ಮತ್ತು ಕನಿಷ್ಠ ಸಂಬಳದ ಖಾತರಿ ಬೇಕು. ಇಬ್ಬರು ರೋಗಿಗಳ ನಡುವೆ ಉಪಕರಣ ಬದಲಿಸಿ ಕುರ್ಚಿ ಒರೆಸಲು ಬೇಕಾದ ಸಮಯವನ್ನು ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿಯೇ ಬಿಟ್ಟು ಬರೆಯುವುದಕ್ಕೆ ಮಾತ್ರ ಯಾವ ಕಾಯ್ದೆಯೂ ಬೇಕಾಗಿಲ್ಲ. ಅದನ್ನು ಪ್ರತಿ ಕ್ಲಿನಿಕ್ಕೂ ನಾಳೆಯಿಂದಲೇ ಮಾಡಬಹುದು.